ಎಡದಿಂದ ನಾಲ್ಕನೆಯ ಕೋವಿ ನಮ್ಮದು

ಮಾನ್ಯ ಸಂಪಾದಕರೇ,

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ಮರುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದಿತ್ತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯದು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹನ್ನೊಂದು ಕೋವಿಗಳನ್ನು ಸಾಲಾಗಿ ಮಲಗಿಸಿದ್ದರು. ಹಿಂದೆ ಕುಪ್ಯ, ಅಂದರೆ ನಮ್ಮ ನಿಲುವಂಗಿ, ಹಾಕಿಕೊಂಡ ಹುಡುಗರು ನಗುತ್ತಾ ನಿಂತಿದ್ದರು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಎಡದಿಂದ ನಾಲ್ಕನೆಯ ಕೋವಿ ನಮ್ಮ ಮನೆಯದು. ಮರದ ಹಿಡಿಗೆ ಹಿತ್ತಾಳೆ ತಗಡಿನ ತೇಪೆ ಇದೆ. ಕನ್ನಡಕ ಹಾಕದೆಯೇ ಗುರುತು ಸಿಕ್ಕಿತು.

ಆ ಕೋವಿ ಅಲ್ಲಿಗೆ ಹೋಗಿದ್ದು ನನಗೆ ಗೊತ್ತಿರಲಿಲ್ಲ. ಬೀರುವಿನ ಕೀಲಿ ನನ್ನ ಸೊಂಟದಲ್ಲಿರುತ್ತದೆ. ಅವತ್ತು ನಾನು ತಂಗಿಯ ಮನೆಗೆ ಹೋಗಿದ್ದೆ, ಕೀಲಿಯನ್ನು ಮೈದುನನಿಗೆ ಕೊಟ್ಟಿದ್ದೆ. ಕೋವಿಯೂ ಮೈದುನನ ಹೆಸರಿನಲ್ಲೇ ಇದೆ, ಅವನೂ ಜೀಪಿನಲ್ಲಿ ಜೊತೆಗೆ ಹೋಗಿದ್ದಾನೆ. ಹಾಗಾಗಿ ಕಾನೂನಿನ ತಕರಾರು ನನ್ನದಲ್ಲ. ಮನೆಯಲ್ಲಿರುವ ನಾಲ್ಕರಲ್ಲಿ ಸ್ಪರ್ಧೆಗೆ ಒಯ್ಯಬಾರದ ಕೋವಿ ಒಂದೇ ಒಂದು ಇತ್ತು. ಅವರು ಸರಿಯಾಗಿ ಅದನ್ನೇ ಆರಿಸಿದ್ದರು. ಯಾಕೆ ಎಂದು ಕೇಳಿದರೆ, ನನ್ನನ್ನು ಬಲ್ಯವ್ವ (ದೊಡ್ಡಮ್ಮ) ಎನ್ನುವ ಮೈದುನನ ಮಗ ಹೇಳಿದ, ‘ಬಲ್ಯವ್ವ, ನೋಡೋಕೆ ಅದೇ ಅಲ್ವಾ ಚೆಂದ?’

ಚೆಂದ ಹೌದು. ಅದಕ್ಕೇ ಈ ಪತ್ರ.

ನಾನು ಕೊಡಗಿನ ನಾಪೋಕ್ಲು ಕಡೆಯವಳು. ವಯಸ್ಸು 63. ಅಂಚೆ ಕಚೇರಿಯ ಕೌಂಟರಿನಲ್ಲಿ 31 ವರ್ಷ ಕೂತೆ. ಈಗ ನಾಲ್ಕು ಎಕರೆ ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡಿದ್ದೇನೆ. ಯಜಮಾನರು ಹೋಗಿ ಎಂಟು ವರ್ಷವಾಯಿತು. ಅವರು ನಮ್ಮ ನಾಡಿನಲ್ಲಿ ಒಳ್ಳೆಯ ಈಡುಗಾರ ಅನ್ನಿಸಿಕೊಂಡಿದ್ದರು. ಕಾಯಿ ಒಡೆದವರು ಅವರು, ಕೋವಿ ಒರೆಸಿದವಳು ನಾನು. ಒರೆಸುವವರಿಗೆ ಹೊಡೆಯುವವರಿಗಿಂತ ಜಾಸ್ತಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಒಪ್ಪದಿರಲಿ.

ನಮ್ಮ ಮನೆಯ ನಾಲ್ಕು ಯಾವುವು ಎಂದರೆ, ಮಾವನವರ ಕಾಲದ ಇಂಗ್ಲಿಷ್ ಜೋಡು ನಳಿಗೆಯ 12 ಬೋರ್, ಅಂದರೆ ಚಿತ್ರದಲ್ಲಿರುವುದು. ಇನ್ನೊಂದು ನಮ್ಮ ದೇಶದ ಕಾರ್ಖಾನೆಯದೇ ಜೋಡು ನಳಿಗೆ, ಅದೂ 12 ಬೋರ್. ಮೂರನೆಯದು ಇಷಾಪುರದ ಪಾಯಿಂಟ್ 22 ರೈಫಲ್. ನಾಲ್ಕನೆಯದು ಏರ್‌ಗನ್. ಮೊದಲ ಮೂರು ಮೂವರ ಹೆಸರಿನಲ್ಲಿವೆ. ಏರ್‌ಗನ್ ಮೊಮ್ಮಗಳದು. ಅವಳ ಪ್ರಕಾರ ಅದಕ್ಕೆ ಹೆಸರೂ ಇದೆ, ಆದರೆ ಹೇಳುವುದಿಲ್ಲವಂತೆ.

ಸ್ಪರ್ಧೆಗೆ ಹೊರಡುವಾಗ ಯಾವ ಕೋವಿ ಒಯ್ಯಬೇಕು ಎಂಬ ಪ್ರಶ್ನೆ ನಮ್ಮ ಜಿಲ್ಲೆಯ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಇಲ್ಲಿ ಅದು ಮಾಮೂಲು ಮಾತು. ಸೆಪ್ಟೆಂಬರ್ 3ರ ಆಸುಪಾಸಿನಿಂದ ಶುರುವಾದರೆ ಒಂದಲ್ಲ ಒಂದು ಊರಿನ ಮಂದಿನಲ್ಲಿ (ಊರವರು ಸೇರುವ ಬಯಲಿನಲ್ಲಿ), ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಸ್ಪರ್ಧೆ ಇದ್ದೇ ಇರುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಮೂರು ವಿಭಾಗ ಮಾಡುತ್ತಾರೆ. 12 ಬೋರ್‌ಗೆ ಹತ್ತಿರದ ಕಾಯಿ, ಪಾಯಿಂಟ್ 22ಕ್ಕೆ ದೂರದ ಕಾಯಿ, ಏರ್‌ಗನ್‌ಗೆ ಕೋಳಿಮೊಟ್ಟೆ. ಆಮಂತ್ರಣದಲ್ಲಿ ಮಾತ್ರ ಇದಾವುದೂ ಇರುವುದಿಲ್ಲ. ಮೊನ್ನೆ ಬಂದ ಕಾರ್ಡ್ ಈಗಲೂ ನನ್ನ ಮುಂದಿದೆ. ಅತಿಥಿಗಳ ಹೆಸರು ಹದಿನಾಲ್ಕು. ಮೊದಲ, ಎರಡನೆಯ, ಮೂರನೆಯ ಬಹುಮಾನದ ಮೊತ್ತ ಇದೆ. ಊಟದ ವ್ಯವಸ್ಥೆ ಇದೆ ಎಂದು ದಪ್ಪ ಅಕ್ಷರದಲ್ಲಿದೆ. ಎಷ್ಟು ದೂರ, ಯಾವ ತೋಟಾ, ಕಾಯಿಯ ಹಿಂದೆ ಏನಿದೆ? ಒಂದಕ್ಷರವೂ ಇಲ್ಲ. ಆಗ ಏನಾಗುತ್ತದೆ? ಯಾವುದಕ್ಕೂ ಇರಲಿ ಎಂದು ಜನ ಮನೆಯಲ್ಲಿರುವುದನ್ನೆಲ್ಲ ಜೀಪಿಗೆ ತುಂಬುತ್ತಾರೆ. ನಾಲ್ಕು ಬಗೆಯ ತೋಟಾಗಳನ್ನು ಒಂದೇ ಕೈಚೀಲಕ್ಕೆ ಸುರಿಯುತ್ತಾರೆ.

ಕೈಚೀಲ ಎಂದಾಗ ನನಗೆ ನೆನಪಾಗುವುದು ಒಂದು ಹಳದಿ ತೋಟಾ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಪಕ್ಕದ ನಾಡಿನ ಸ್ಪರ್ಧೆ. ಊರಿನ ಹೆಸರು ಬೇಡ, ಅವರು ಒಳ್ಳೆಯ ಜನ. ಯಜಮಾನರ ಹತ್ತಿರ ತೋಟಾ ಮುಗಿದಿತ್ತು. ಯಾರೋ ನೆಂಟರು ತಮ್ಮ ಚೀಲ ಮುಂದೆ ಹಿಡಿದರು. ಇವರು ಮಾತನಾಡುತ್ತಲೇ ಕೈ ಹಾಕಿ ಎರಡು ತೆಗೆದರು. ಒಂದನ್ನು ಬಲನಳಿಗೆಗೆ ಹಾಕಿದರು, ಕೋವಿ ಮುಚ್ಚಿದರು, ಗುರಿ ಹಿಡಿದರು, ಎಳೆದರು. ಟಿಕ್ ಎಂದಿತು, ಅಷ್ಟೆ. ಕಾಯಿ ಹಾಗೇ ತೂಗುತ್ತಿತ್ತು. ಜನ ನಕ್ಕರು. ಇವರು ಸ್ವಲ್ಪ ಹೊತ್ತು ಕಾದು ಕೋವಿ ಮುರಿದು, ಅಂದರೆ ನಳಿಗೆ ಬಾಗಿಸಿ ತೆರೆದು, ನೋಡಿದರೆ ಬಲನಳಿಗೆ ಖಾಲಿ. ‘ಅರೆ, ಹಾಕಲೇ ಇಲ್ಲವಾ ನಾನು’ ಎಂದು ಎರಡನೆಯದನ್ನು ಕೈಗೆತ್ತಿಕೊಂಡರು.

ನಾನು ಹಿಂದೆ ನಿಂತಿದ್ದೆ. ಅವರು ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ‘ಒಂದು ನಿಮಿಷ, ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಿ’ ಎಂದೆ. ಕಾಣಲಿಲ್ಲ. ಎಡನಳಿಗೆಯಲ್ಲಿ ಆಕಾಶ ಬೆಳ್ಳಿ ರೂಪಾಯಿಯ ಹಾಗೆ ದುಂಡಗೆ ಕಾಣುತ್ತಿತ್ತು. ಬಲನಳಿಗೆಯಲ್ಲಿ ಕತ್ತಲೆ. ಒಳಗೆ, ಬೆರಳಿಗೆ ಸಿಗದಷ್ಟು ಮುಂದೆ, ಒಂದು 20 ಬೋರ್ ತೋಟಾ ಜಾರಿ ಕೂತಿತ್ತು. ಮೂತಿಯ ಕಡೆಯಿಂದ ಮರದ ಕಡ್ಡಿ ತೂರಿಸಿ ಮೆಲ್ಲಗೆ ಹಿಂದಕ್ಕೆ ತಳ್ಳಿದಾಗ ಅಂಗೈಗೆ ಬಿತ್ತು. ಹಳದಿ ಬಣ್ಣ.

ಬೋರ್ ಲೆಕ್ಕ ತಲೆಕೆಳಗಿನದು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ ಎಷ್ಟೋ ಅದು 12 ಬೋರ್. ಇಪ್ಪತ್ತು ಮಾಡಿದರೆ ಇನ್ನೂ ಸಣ್ಣ ಗುಂಡು, ಅದು 20 ಬೋರ್. ಅಂದರೆ ಅಂಕಿ ದೊಡ್ಡದಾದಷ್ಟೂ ತೋಟಾ ಸಣ್ಣದು. 20 ಬೋರ್ ತೋಟಾ 12 ಬೋರ್ ಕೋವಿಯಲ್ಲಿ ನಿಲ್ಲುವುದಿಲ್ಲ, ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಜಾಗ ಖಾಲಿ. ಅದರ ಹಿಂದೆ ಸರಿಯಾದ 12 ಬೋರ್ ಹಾಕಿ ಎಳೆದರೆ ನಳಿಗೆ ಸೀಳುತ್ತದೆ. ಅಲ್ಲೇ ನಳಿಗೆಯ ಕೆಳಗೆ ಎಡಗೈ ಇರುತ್ತದೆ. ಈ ಅಪಾಯಕ್ಕೇ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವುದು. ಚೀಲದೊಳಗೆ ಕೈ ಹಾಕಿ ಮಾತನಾಡುವವರಿಗೆ ಬಣ್ಣ ಎಲ್ಲಿ ಕಾಣಬೇಕು?

ಅವತ್ತು ಸಂಜೆ ಮನೆಗೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಮರುದಿನ ಯಜಮಾನರು ಸುಮ್ಮನೆ ನನ್ನ ಮೇಜಿನ ಮೇಲೆ ಬೀರುವಿನ ಕೀಲಿ ಇಟ್ಟರು. ಕೀಲಿ ನನ್ನ ಸೊಂಟಕ್ಕೆ ಬಂದದ್ದು ಹೀಗೆ.

ಅಂದಿನಿಂದ ನಮ್ಮ ಮನೆಯಲ್ಲಿ ಕೋವಿ ಆರಿಸುವುದು ತೋಟಾದಿಂದ. ಹಿಂದಿನ ಸಂಜೆ ಊಟದ ಮೇಜಿನ ಮೇಲೆ ಮೊದಲು ತೋಟಾ ಪೆಟ್ಟಿಗೆ ಬರುತ್ತದೆ, ಆಮೇಲೆ ಕೋವಿ. ಪೆಟ್ಟಿಗೆಯಲ್ಲಿ ಯಾವ ತೋಟಾ ಸಾಕಷ್ಟಿದೆಯೋ, ಒಣಗಿದೆಯೋ, ಮೈ ಊದಿಕೊಂಡಿಲ್ಲವೋ, ಅದು ಹೊಂದುವ ಕೋವಿ ಮಾತ್ರ ಹೊರಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬೆಲ್ಲವೂ ನೀರಾಗುತ್ತದೆ, ಹಳೆಯ ರಟ್ಟಿನ ತೋಟಾ ಏನಾಗಿರಬೇಡ? ಕೋವಿಗೊಂದು ಡಬ್ಬಿ, ಡಬ್ಬಿಗೊಂದು ಚೀಟಿ. ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸಿದವಳಿಗೆ ಇದೇನು ಕಷ್ಟ.

ಇನ್ನು ಚಿತ್ರದಲ್ಲಿದ್ದ ಆ ಕೋವಿಯ ಕಥೆ. ಅದನ್ನು ಮುರಿದು ನಳಿಗೆಯ ಅಡಿಭಾಗ ನೋಡಿದರೆ ಸಣ್ಣ ಸಣ್ಣ ಮುದ್ರೆಗಳಿವೆ. ಅವುಗಳ ನಡುವೆ ಎರಡೂವರೆ ಎಂಬ ಅಂಕಿ. ತೋಟಾ ಕೂರುವ ಗೂಡು ಎರಡೂವರೆ ಇಂಚು ಎಂದರ್ಥ, ಈಗಿನ ಲೆಕ್ಕದಲ್ಲಿ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 70 ಮಿಲಿಮೀಟರಿನ ತೋಟಾ. ಹಾಗಾದರೆ ಹಿಡಿಯುವುದೇ ಇಲ್ಲವಲ್ಲ, ತಪ್ಪು ಹೇಗಾಗುತ್ತದೆ ಎಂದು ಕೇಳಬಹುದು. ಮೋಸ ಇರುವುದೇ ಅಲ್ಲಿ. 70 ಎಂಬುದು ಹೊಡೆದ ಮೇಲಿನ ಉದ್ದ. ಹೊಡೆಯುವ ಮುಂಚೆ ತೋಟಾದ ಬಾಯಿ ಮಡಚಿರುತ್ತದೆ, ಆಗ ಅದು ಗಿಡ್ಡ. ಹಳೆಯ ಗೂಡಿಗೆ ನಯವಾಗಿ ಇಳಿಯುತ್ತದೆ, ಕೋವಿ ಸಲೀಸಾಗಿ ಮುಚ್ಚುತ್ತದೆ. ಎಳೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆಗೆ ತುರುಕಿಕೊಳ್ಳುತ್ತದೆ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹೋಗಬೇಕಾದ ದಾರಿಯನ್ನು ತೋಟಾದ ಬಾಯಿಯೇ ಅಡ್ಡಗಟ್ಟಿದ ಹಾಗೆ. ಒತ್ತಡ ಏರುತ್ತದೆ. ಒಂದು ಸಲ ಏನೂ ಆಗದಿರಬಹುದು, ಭುಜಕ್ಕೆ ಒದೆತ ಸ್ವಲ್ಪ ಜಾಸ್ತಿ ಅನ್ನಿಸಬಹುದು. ಅಜ್ಜನ ಕೋವಿ ಅಲ್ವಾ, ಒದೆಯದೆ ಇರುತ್ತಾ ಎಂದು ನಗುತ್ತಾರೆ.

ಆದ್ದರಿಂದ ಆ ಕೋವಿ ನಮ್ಮ ಮನೆಯಲ್ಲಿ ಪೂಜೆಗೆ ಮಾತ್ರ. ಕನ್ನಿ ಕೋಂಬರೆ ಎಂಬ ದೇವರ ಕೋಣೆಯಲ್ಲಿ ಒಡಿಕತ್ತಿ, ಪೀಚೆಕತ್ತಿಯ ಪಕ್ಕದಲ್ಲಿ ಕೂರುತ್ತದೆ, ಗಂಧ ಹಚ್ಚಿಸಿಕೊಳ್ಳುತ್ತದೆ, ಕಡುಂಬುಟ್ಟಿನ (ಅಕ್ಕಿ ಕಡುಬಿನ) ಎಡೆ ನೋಡುತ್ತದೆ, ಮತ್ತೆ ಬೀರು ಸೇರುತ್ತದೆ. ಅದಕ್ಕೆ ಅಷ್ಟು ಮರ್ಯಾದೆ ಸಾಕು.

ಪೂಜೆಯ ಮಾತು ಬಂದಿದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಆ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುವುದು ನಮ್ಮ ಪದ್ಧತಿ. ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿ ಉರಿಯ ಹಾಗೆ ಅರಳುವ ಹೂವು, ಎಲ್ಲರೂ ಕಂಡಿರುತ್ತೀರಿ. ಪೂಜೆ ಮುಗಿದ ಕೂಡಲೇ ಹುಡುಗರಿಗೆ ಮಂದಿಗೆ ಓಡುವ ಅವಸರ. ಹೂ ಕಿತ್ತು ಎಸೆಯುತ್ತಾರೆ, ತೊಟ್ಟು ನಳಿಗೆಯೊಳಗೇ ಉಳಿಯುತ್ತದೆ. ಒಂದು ವರ್ಷ ಪಾಯಿಂಟ್ 22ರ ಬಾಯಿಯಿಂದ ನಾನು ಸೂಜಿಯಲ್ಲಿ ತೊಟ್ಟು ತೆಗೆದಿದ್ದೇನೆ, ಹಸಿರು ಇನ್ನೂ ಬಾಡಿರಲಿಲ್ಲ. ಆ ನಳಿಗೆಯ ತೂತು ನನ್ನ ಕಿರುಬೆರಳಿನ ಉಗುರಿಗಿಂತ ಸಣ್ಣದು. ಅದರಲ್ಲಿ ಏನೇ ಸಿಕ್ಕಿಕೊಂಡಿದ್ದರೂ ಗುಂಡು ಬಂದು ಗುದ್ದಿದಾಗ ನಳಿಗೆ ಉಬ್ಬಬಹುದು. ಈಗ ನಾವು ಹೂವನ್ನು ನಳಿಗೆಗೆ ದಾರದಲ್ಲಿ ಕಟ್ಟುತ್ತೇವೆ. ಹಿರಿಯರೊಬ್ಬರು ಇದಕ್ಕೆ ಮುಖ ಗಂಟಿಕ್ಕಿದರು. ಗಂಟಿಕ್ಕಲಿ ಬಿಡಿ.

ಎಣ್ಣೆಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಕೊಬ್ಬರಿ ಎಣ್ಣೆ ತಲೆಗೆ, ಕೋವಿಗಲ್ಲ. ನಮ್ಮ ಚಳಿಗೆ ಅದು ಹೆಪ್ಪುಗಟ್ಟಿ ಒಳಗಿನ ಸ್ಪ್ರಿಂಗು, ಪಿನ್ನುಗಳನ್ನು ಹಿಡಿದುಬಿಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡೇ ತೊಟ್ಟು ಹಾಕಿ, ಒರೆಸಿಬಿಡಿ. ಚರ್ಮದ ಚೀಲದಲ್ಲಿ ಮಳೆಗಾಲ ಪೂರ್ತಿ ಇಡಬೇಡಿ, ಚರ್ಮ ತೇವ ಹೀರಿ ಕೋವಿಗೆ ಕುಡಿಸುತ್ತದೆ. ಎಳೆದಾಗ ಠುಸ್ ಎಂದರೆ ತಕ್ಷಣ ಕೋವಿ ಮುರಿಯಬೇಡಿ. ನಳಿಗೆ ಕಾಯಿಯ ಕಡೆಗೇ ಇರಲಿ, ಅರ್ಧ ನಿಮಿಷ ಎಣಿಸಿ. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು.

ತೋಟಾ ಆದ ಮೇಲೆ ನಾನು ನೋಡುವುದು ಕಾಯಿಯ ಹಿಂದೆ ಏನಿದೆ ಎಂಬುದನ್ನು. ಇದಕ್ಕೆ ಫೋನ್ ಮಾಡಿ ಕೇಳುತ್ತೇನೆ. ‘ಹಿಂದೆ ಬರೆ ಇದೆಯಾ, ಬಯಲಾ?’ ಅವರು ‘ನೀವು ಬನ್ನಿ ಅಕ್ಕ, ಎಲ್ಲ ಚೆನ್ನಾಗಿದೆ’ ಎನ್ನುತ್ತಾರೆ. ನಾನು ಮತ್ತೆ ಕೇಳುತ್ತೇನೆ. ಹಿಂದೆ ಮಣ್ಣಿನ ಬರೆ, ಅಂದರೆ ಗುಂಡನ್ನು ತಡೆಯುವ ದಿಣ್ಣೆ, ಇದ್ದರೆ ಮಾತ್ರ ನಮ್ಮ ಪಾಯಿಂಟ್ 22 ಹೊರಡುತ್ತದೆ. ಆ ಗುಂಡು ನೋಡಲು ಹುರುಳಿಕಾಳಿಗಿಂತ ಸ್ವಲ್ಪ ದಪ್ಪ, ಎರಡೂವರೆ ಗ್ರಾಂ ಚಿಲ್ಲರೆ ತೂಗುತ್ತದೆ. ಶಬ್ದವೂ ಸಣ್ಣದು. ಹಾಗಾಗಿ ಜನರಿಗೆ ಅದರ ಮೇಲೆ ಭಯವಿಲ್ಲ. ಆದರೆ ಸ್ವಲ್ಪ ಮೇಲ್ಮುಖವಾಗಿ ಹೊಡೆದರೆ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ನಮ್ಮಲ್ಲಿ ಒಂದೂವರೆ ಕಿಲೋಮೀಟರಿನೊಳಗೆ ಯಾರದೋ ಗದ್ದೆ ಇರುತ್ತದೆ, ಅದರಲ್ಲಿ ಯಾರೋ ಬಗ್ಗಿ ನಿಂತಿರುತ್ತಾರೆ.

ಹಿಂದೆಲ್ಲ ಎತ್ತರದ ಮರಕ್ಕೆ ಕಾಯಿ ಕಟ್ಟಿ ಕೆಳಗಿನಿಂದ ಹೊಡೆಯುತ್ತಿದ್ದರು. ಈಗಲೂ ಕೆಲವು ಕಡೆ ಕಟ್ಟುತ್ತಾರೆ. ಅಲ್ಲಿ ಕಾಯಿಯ ಹಿಂದೆ ಇರುವುದು ಬರೀ ಆಕಾಶ. ಅಂತಹ ಕಡೆಗೆ ರೈಫಲ್ ಬೇಡವೇ ಬೇಡ. 12 ಬೋರ್ ಕೋವಿಯಲ್ಲಿ ಸಣ್ಣ ಚರೆಯಾದರೆ ಸರಿ. ಆರನೇ ನಂಬರಿನ ಚರೆ ಹೆಚ್ಚೆಂದರೆ 200 ಮೀಟರ್ ಆಸುಪಾಸಿನಲ್ಲಿ ಸುಸ್ತಾಗಿ ಬೀಳುತ್ತದೆ. ಎಲ್‌ಜಿ ಹಾಗಲ್ಲ. ಅದು ಬಟಾಣಿಗಿಂತ ದಪ್ಪದ ಗುಂಡು, 700 ಮೀಟರ್ ಹೋದರೂ ಹೋಯಿತೇ. ಕಾಯಿಗೆ ಎಲ್‌ಜಿ ಹೊಡೆಯುವ ಶೂರರನ್ನು ನಾನು ಕಂಡಿದ್ದೇನೆ. ಕಾಯಿ ತೋಟಕ್ಕೆ ನುಗ್ಗಿದ ಹಂದಿಯೇನೂ ಅಲ್ಲವಲ್ಲ.

ಮೂರನೆಯದು ಜನ. ನನ್ನ ಸೊಸೆ ಮೂರು ವರ್ಷದ ಹಿಂದೆ ಮೊದಲ ಸಲ ಸ್ಪರ್ಧೆಗೆ ನಿಂತಾಗ ಅವಳ ಕೈಗೆ 12 ಬೋರ್ ಕೊಟ್ಟರು. ಮಹಿಳಾ ವಿಭಾಗಕ್ಕೆ ಬೇರೆ ಕೋವಿ ಇರಲಿಲ್ಲ. ಹಿಡಿ ಭುಜಕ್ಕೆ ಸರಿಯಾಗಿ ಕೂತಿರಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಒಂದು ಈಡಿಗೆ ಭುಜ ನೀಲಿಗಟ್ಟಿತು. ಎರಡನೆಯ ಈಡಿಗೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿದಳು. ಸುತ್ತ ನಿಂತವರು ಫೋನ್ ಹಿಡಿದು ನಗುತ್ತಿದ್ದರು. ಆ ವಿಡಿಯೊ ಊರೆಲ್ಲ ಸುತ್ತಿತು. ಅವಳು ಆಮೇಲೆ ಒಂದು ವರ್ಷ ಕೋವಿ ಮುಟ್ಟಲಿಲ್ಲ.

ಮತ್ತೆ ಮುಟ್ಟಿಸಿದ್ದು ಮಗಳ ಏರ್‌ಗನ್. ಹಿತ್ತಲಿನಲ್ಲಿ, ಕೊಟ್ಟಿಗೆಯ ಗೋಡೆಗೆ ಮರಳಿನ ಮೂಟೆ ಒರಗಿಸಿ, ಹತ್ತು ಮೀಟರಿಗೆ ಬೆಂಕಿಪೆಟ್ಟಿಗೆ ಇಟ್ಟು ತಾಯಿ ಮಗಳು ಸಂಜೆ ಸಂಜೆ ಹೊಡೆದರು. ಏರ್‌ಗನ್ ಎಂದರೆ ನಮ್ಮ ಗಂಡಸರಿಗೆ ತಾತ್ಸಾರ, ಮಕ್ಕಳಾಟಿಕೆಯಂತೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರಿನ ಏರ್ ರೈಫಲ್‌ನಲ್ಲೇ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ನಮ್ಮ ಮೊಟ್ಟೆ ಅದರ ಮುಂದೆ ಬೆಟ್ಟ. ಮೊಟ್ಟೆಗೆ ಹೊಡೆಯುವಾಗ ಕೈ ನಡುಗಿದರೆ ತಕ್ಷಣ ಗೊತ್ತಾಗುತ್ತದೆ. 12 ಬೋರ್‌ನಲ್ಲಿ ಚರೆ ಹರಡಿಕೊಂಡು ಹೋಗುವುದರಿಂದ ನಮ್ಮ ತಪ್ಪನ್ನು ಅದೇ ಮುಚ್ಚಿಹಾಕುತ್ತದೆ. ಸೊಸೆ ಹೋದ ವರ್ಷ ಪಾಯಿಂಟ್ 22ರಲ್ಲಿ ಮೂರಕ್ಕೆ ಎರಡು ಕಾಯಿ ಒಡೆದಳು. ಅದರ ವಿಡಿಯೊ ಯಾರೂ ಮಾಡಿರಲಿಲ್ಲ.

ಏರ್‌ಗನ್ ಕೊಳ್ಳುವವರಿಗೆ ಒಂದು ಮಾತು. 4.5 ಮಿಲಿಮೀಟರ್ ದಾಟಬಾರದು, ಬಲ 20 ಜೂಲ್ ದಾಟಬಾರದು. ದಾಟಿದರೆ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಪರವಾನಗಿ ಬೇಕು. ಅಂಗಡಿಯವರು ‘ಏನಾಗಲ್ಲ ಮೇಡಂ’ ಎನ್ನುತ್ತಾರೆ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹೀಗೆ ತೋಟಾ, ಬರೆ, ಜನ ಮೂರನ್ನೂ ನೋಡಿದ ಮೇಲೆ ಜೀಪಿಗೆ ಹತ್ತುವುದು ಸಾಮಾನ್ಯವಾಗಿ ಎರಡೇ ಕೋವಿ. ಎರಡು ಕಣ್ಣಿಗೆ ಎರಡು. ಯಾರ ಹೆಸರಿನಲ್ಲಿದೆಯೋ ಅವರು ಜೀಪಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಒಂದು ಕಮ್ಮಿ. ಊಟಕ್ಕೆ ಕೂತಾಗಲೂ ಒಬ್ಬರು ಕೋವಿಯ ಪಕ್ಕ ಕೂರುತ್ತಾರೆ, ಸರದಿಯ ಮೇಲೆ. ಪಂದಿಕರಿ ಆರಿಹೋದರೆ ಬಿಸಿ ಮಾಡಿಕೊಳ್ಳಬಹುದು.

ನಮ್ಮದು ಪರವಾನಗಿ ಬೇಡದ ಜಿಲ್ಲೆ, ಬೇಕಾದಷ್ಟು ಒಯ್ಯಬಹುದು ಎಂದು ಹುಡುಗರು ವಾದಿಸುತ್ತಾರೆ. ಅವರಿಗೆ ನಾನು ಓದಿ ಹೇಳುವುದಿದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಸ್ವಾತಂತ್ರ್ಯದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಮುಂದುವರಿಸಿತು. ಈಗಿನದು 2029ರ ಅಕ್ಟೋಬರ್ 31ರವರೆಗೆ. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು. ಆದರೆ ಅದೇ ವಿನಾಯಿತಿಯಲ್ಲಿ ಜಿಲ್ಲೆಯ ಹೊರಗೆ ಹೋಗುವಾಗ ಒಬ್ಬರು ಎಷ್ಟು ಒಯ್ಯಬಹುದು ಎಂದೂ ಇದೆ. ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ಚರೆ ಕೋವಿ, ಅದಕ್ಕೆ 500 ತೋಟಾ. ಎರಡೇ. ಹನ್ನೊಂದಲ್ಲ. ದಿನಾಂಕ ಹಾಕಿ ಕೊಟ್ಟ ವಿನಾಯಿತಿ ಇದು. ಮುಂದಿನ ಸಲ ಅರ್ಜಿ ದೆಹಲಿಗೆ ಹೋದಾಗ ಅದರ ಜೊತೆಗೆ ಇಂತಹ ಚಿತ್ರಗಳೂ ಹೋಗಬಹುದು ಎಂಬ ಯೋಚನೆ ನಮ್ಮವರಿಗೆ ಬರಬೇಡವೇ?

ಆ ಚಿತ್ರವನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ಹನ್ನೊಂದರಲ್ಲಿ ಐದು ಜೋಡು ನಳಿಗೆ. ಎರಡು ಮುರಿದು ಇಟ್ಟಿವೆ, ಖಾಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ. ಮೂರು ಮುಚ್ಚಿವೆ. ಒಳಗೆ ಏನಿದೆ ಎಂದು ದೇವರೇ ಬಲ್ಲ. ಮೇಜಿನ ಈ ಬದಿಯಲ್ಲಿ ಒಂದು ಮಗುವಿನ ತಲೆ ಕಾಣುತ್ತದೆ, ಮೇಜಿನ ಎತ್ತರಕ್ಕೆ ಸರಿಯಾಗಿ. ಹುಡುಗರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಮಗು ಕೋವಿ ನೋಡುತ್ತಿದೆ.

ನಮ್ಮ ಅಜ್ಜಂದಿರು ಇಷ್ಟೊಂದು ಕೋವಿ ಒಯ್ಯುತ್ತಿರಲಿಲ್ಲ. ಕೋವಿಗೆ ಆಗ ಕೆಲಸವಿತ್ತು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಒಂದು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಅದರ ಜೊತೆಗೆ ಕೋವಿಯ ಬಳಕೆ ಕಮ್ಮಿಯಾಯಿತು, ಅದರ ಗುಣ ತಿಳಿದವರು ಕಮ್ಮಿಯಾದರು. ಚಿತ್ರಕ್ಕೆ ನಿಂತ ಹುಡುಗರಲ್ಲಿ ಎಷ್ಟು ಜನ ತಮ್ಮ ಕೋವಿಯ ಗೂಡಿನ ಅಳತೆ ಹೇಳಬಲ್ಲರು? ಬೈಕಿನ ಸಿಸಿ ಕೇಳಿ, ನಿದ್ದೆಯಲ್ಲೂ ಹೇಳುತ್ತಾರೆ.

ನಿಮ್ಮ ಮೂಲಕ ಸಂಘಟಕರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಅತಿಥಿಗಳ ಪಟ್ಟಿಯಲ್ಲಿ ಎರಡು ಹೆಸರು ಕಮ್ಮಿ ಮಾಡಿ. ಆ ಜಾಗದಲ್ಲಿ ಯಾವ ಬೋರ್, ಎಷ್ಟು ಮೀಟರ್, ಯಾವ ನಂಬರಿನ ಚರೆ, ಹಿಂದೆ ಬರೆ ಇದೆಯೋ ಇಲ್ಲವೋ ಬರೆಯಿರಿ. ತೋಟಾವನ್ನು ನೀವೇ ಕೊಟ್ಟರೆ ಇನ್ನೂ ಒಳ್ಳೆಯದು, ಶುಲ್ಕಕ್ಕೆ ಸೇರಿಸಿ. ಮೇಜು ಹಾಕಲೇಬೇಕು ಎಂದಿದ್ದರೆ ಕೋವಿಗಳನ್ನು ಮುರಿದು ಇಡಿಸಿ, ಪಕ್ಕದಲ್ಲಿ ಕುರ್ಚಿ ಹಾಕಿ, ಕುರ್ಚಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ. ನಿಮ್ಮ ಛಾಯಾಗ್ರಾಹಕರಿಗೂ ಒಂದು ಮಾತು. ಮುಂದಿನ ವರ್ಷ ಮೇಜಿನ ಚಿತ್ರ ಬಿಟ್ಟು ಕಾಯಿ ಸಿಡಿಯುವ ಗಳಿಗೆಯನ್ನು ಹಿಡಿಯಿರಿ. ನೀರು ಬಿಳಿ ಹೊಗೆಯ ಹಾಗೆ ಹಾರುತ್ತದೆ, ಅದನ್ನು ಹಿಡಿಯುವುದು ಕಷ್ಟ.

ಪತ್ರ ಉದ್ದವಾಯಿತು, ಗೊತ್ತು. ಎಣ್ಣೆಯ ಭಾಗ ಬೇಕಾದರೆ ಕತ್ತರಿಸಿ. ಹಳದಿ ತೋಟಾದ ಭಾಗ ಕತ್ತರಿಸಬೇಡಿ.

ಕಳೆದ ಭಾನುವಾರ ಮೈದುನನ ಮಗ ಬಂದಿದ್ದ. ಬೈಯಲಿಲ್ಲ. ಕಾಫಿ ಕೊಟ್ಟೆ. ಆಮೇಲೆ ಆ ಕೋವಿ ಮುರಿದು ಅವನ ಕೈಗೆ ಕೊಟ್ಟು, ಟಾರ್ಚೂ ಕೊಟ್ಟು, ನಳಿಗೆಯ ಅಡಿಯಲ್ಲಿ ಏನು ಬರೆದಿದೆ ಓದು ಎಂದೆ. ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ಓದಿದ. ಎರಡೂವರೆ ಎಂದ. ತೋಟಾ ಪೆಟ್ಟಿಗೆ ಮುಂದಿಟ್ಟೆ. ಅದರ ಮೇಲಿನ 70ನ್ನು ಅವನೇ ಓದಿದ. ಸ್ವಲ್ಪ ಹೊತ್ತು ಕಾಫಿ ಲೋಟವನ್ನೇ ನೋಡುತ್ತಾ ಕೂತ.

‘ಅವತ್ತು ಎಷ್ಟು ಹೊಡೆದೆ?’ ಎಂದೆ.

‘ನಾಲ್ಕು, ಬಲ್ಯವ್ವ.’

ಕೋವಿ ಈಗ ಮೈಸೂರಿನಲ್ಲಿ ಮಿಸ್ತ್ರಿಯ ಹತ್ತಿರ ಇದೆ, ನಳಿಗೆ ಉಬ್ಬಿದೆಯೋ ಎಂದು ಅಳೆಸುವುದಕ್ಕೆ. ಮೈದುನನೇ ಒಯ್ದು ಕೊಟ್ಟು ಬಂದ. ಮುಂದಿನ ಸ್ಪರ್ಧೆ ಹತ್ತಿರದ ಊರಿನಲ್ಲೇ ಇದೆ. ಫೋನ್ ಮಾಡಿ ಕೇಳಿದೆ, ಹಿಂದೆ ಬರೆ ಇದೆಯಂತೆ. ಪಾಯಿಂಟ್ 22 ಮತ್ತು ಏರ್‌ಗನ್ ಹೊರಡುತ್ತವೆ. ಹುಡುಗ ತಾನೂ ಬರುತ್ತೇನೆ, ಊಟದ ಹೊತ್ತಿನಲ್ಲಿ ಕೋವಿಯ ಪಕ್ಕ ತಾನೇ ಕೂರುತ್ತೇನೆ ಎಂದಿದ್ದಾನೆ.

ಇತಿ,
ಒಬ್ಬ ಬೆಳೆಗಾರ್ತಿ
ನಾಪೋಕ್ಲು ಕಡೆ, ಕೊಡಗು

(ಹೆಸರು, ವಿಳಾಸ ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಪತ್ರಿಕೆಯಲ್ಲಿ ಹಾಕಬೇಡಿ. ಕೀಲಿ ಎಲ್ಲಿರುತ್ತದೆ ಎಂದು ಬೇರೆ ಬರೆದುಬಿಟ್ಟಿದ್ದೇನೆ.)